ತುರ್ತು: ಫೋಟೊ ‘ತಿರುಚಿದ್ದು’ ಅನ್ನೋಣವೋ, ‘ತಿದ್ದಿದ್ದು’ ಅನ್ನೋಣವೋ?

ಪ್ರಶ್ನೆ (ಸಾಗರದಿಂದ)

ಶನಿವಾರದೊಳಗೆ ಒಂದು ಪದ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲು ತೆಗೆದ ಫೋಟೊಗಳ ಪ್ರದರ್ಶನ ಇಡುತ್ತಿದ್ದೇವೆ. ನೆಗೆಟಿವ್‌ಗಳಿಗೆ ನಮ್ಮ ಮಳೆಯಲ್ಲಿ ಬೂಷ್ಟು ಹಿಡಿದಿತ್ತು. ಸ್ಕ್ಯಾನ್ ಮಾಡಿ ಕಲೆ ತೆಗೆದೆವು, ಮುಖಗಳನ್ನು ಸ್ವಲ್ಪ ಬೆಳಗಿಸಿದೆವು. ಪಕ್ಕದಲ್ಲಿ ಡಾರ್ಕ್‌ರೂಮಿನ (ಫೋಟೊ ತೊಳೆದು ಪ್ರಿಂಟ್ ಹಾಕುವ ಕತ್ತಲೆ ಕೋಣೆಯ) ಹಳೆಯ ಪ್ರಿಂಟ್‌ಗಳೂ ಇರುತ್ತವೆ. ಫಲಕಕ್ಕೆ ಒಬ್ಬರು ‘ಡಿಜಿಟಲ್ ಆಗಿ ತಿರುಚಿದ ಚಿತ್ರಗಳು’ ಎಂದು ಬರೆದುಕೊಟ್ಟಿದ್ದಾರೆ. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು ತಮ್ಮ ಅಂಗಳ ನೋಡಲು ಬರುತ್ತಾರೆ. ಅವರಿಗೆ ಇದನ್ನು ಓದಿಸಲು ನನಗೆ ಮನಸ್ಸಿಲ್ಲ. ಬೇರೆ ಏನು ಬರೆಯೋಣ? ಪ್ರಿಂಟಿನ ಒಂದು ಭಾಗವನ್ನಷ್ಟೇ ತಿಳಿಯಾಗಿಸುವ ಡಾಡ್ಜ್, ಕಪ್ಪಾಗಿಸುವ ಬರ್ನ್‌ಗೂ ಪದ ಹೇಳಿ.

ಉತ್ತರ (ಶಿವಮೊಗ್ಗದಿಂದ)

‘ತಿರುಚು’ ಸರಿ ಇದೆ. ಕಂಪ್ಯೂಟರಿನಲ್ಲಿ ಮಾಡಿದ್ದೆಲ್ಲ ತಿರುಚಿದ್ದೇ. ಬರ್ನ್‌ಗೆ ‘ಸುಡು’, ಡಾರ್ಕ್‌ರೂಮಿಗೆ ‘ಇರುಳ್ಕೋಣೆ’, ಫೋಟೊಗೆ ‘ತಿಟ್ಟ’. ಎರವಲು ಪದ ರಾಶಿ ಹಾಕಿಕೊಂಡು ಕನ್ನಡ ಕೇಳಬೇಡಿ.

ಉತ್ತರ (ತೀರ್ಥಹಳ್ಳಿಯಿಂದ)

‘ಇರುಳ್ಕೋಣೆ’ ಯಾರ ಬಾಯಲ್ಲೂ ಇಲ್ಲ ಸ್ವಾಮಿ. ಸ್ಟುಡಿಯೋದಲ್ಲಿ ನಾವು ರೀಲು ತೊಳೆದೆವು, ಪ್ರಿಂಟ್ ಹಾಕಿದೆವು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡಿದೆವು. ಗಿರಾಕಿಗಳೂ ಹಾಗೇ ಹೇಳುತ್ತಿದ್ದರು. ಅದೇ ಕನ್ನಡ.

‘ಸುಡು’ ಬೇಡವೇ ಬೇಡ, ಅಲ್ಲಿ ಏನೂ ಸುಡುವುದಿಲ್ಲ. ಕಂಬಳಿಕೊಪ್ಪೆ ಹೊದ್ದವರ ಮುಖ ಪ್ರಿಂಟಿನಲ್ಲಿ ಕಪ್ಪಗೆ ಬರುತ್ತಿತ್ತು. ಸೈಕಲ್ ಕಡ್ಡಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿ ಎನ್‌ಲಾರ್ಜರಿನ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರದ) ಬೆಳಕಿಗೆ ಅಡ್ಡ ಹಿಡಿಯುತ್ತಿದ್ದೆ. ಬೆಳಕು ಹೆಚ್ಚು ಬಿದ್ದಷ್ಟೂ ಕಾಗದ ಕಪ್ಪಾಗುತ್ತದೆ. ಕೈ ಅಲ್ಲಾಡುತ್ತಲೇ ಇರಬೇಕು. ನಿಂತರೆ ಬಿಲ್ಲೆಯ ಅಂಚು ಕಾಗದದ ಮೇಲೆ ಮೂಡುತ್ತದೆ. ಡಾಡ್ಜ್ ಅಂದರೆ ಇದು, ‘ಮರೆ ಹಿಡಿಯುವುದು’. ತೋಟದ ಮೇಲಿನ ಆಕಾಶ ತೀರಾ ಬೆಳ್ಳಗಿದ್ದರೆ, ಉಳಿದದ್ದನ್ನು ಕೈಯಿಂದ ಮುಚ್ಚಿ ಅಲ್ಲಿಗಷ್ಟೇ ಇನ್ನೂ ಸ್ವಲ್ಪ ಹೊತ್ತು ‘ಬೆಳಕು ಉಣಿಸುವುದು’, ಅದು ಬರ್ನ್. ಫೋಟೊಶಾಪ್‌ನ ಡಾಡ್ಜ್, ಬರ್ನ್ ಗುರುತು ನೋಡಿ: ಒಂದು ಕಡ್ಡಿಗೆ ಅಂಟಿದ ಬಿಲ್ಲೆ, ಇನ್ನೊಂದು ಮಡಿಸಿದ ಕೈ. 1990ರಲ್ಲಿ ಬಂದ ಸಾಫ್ಟ್‌ವೇರಿಗೆ ಕಸುಬು ಹೋದದ್ದು ನಮ್ಮಂಥವರ ಕೋಣೆಯಿಂದ.

ಡಾರ್ಕ್‌ರೂಮ್ ಎಂದರೆ ಸತ್ಯ, ಕಂಪ್ಯೂಟರ್ ಎಂದರೆ ಮೋಸ ಎಂದು ಜನ ನಂಬಿದ್ದಾರೆ. ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ತೆಗೆದ ಚಂದ್ರೋದಯದ ಆಕಾಶವನ್ನು ಮುಂದಿನ ಪ್ರಿಂಟ್‌ಗಳಲ್ಲಿ ಕಪ್ಪಾಗಿಸುತ್ತಾ ಹೋದರು. ಅದು ತಿದ್ದಿದ್ದು. ಸ್ಟಾಲಿನ್ ಪಕ್ಕದಲ್ಲಿದ್ದವರನ್ನು ಫೋಟೊದಿಂದ ಅಳಿಸಿಹಾಕಿದರಲ್ಲ, ಅದು ತಿರುಚಿದ್ದು. ಎರಡಕ್ಕೂ ಕಂಪ್ಯೂಟರ್ ಬೇಕಾಗಲಿಲ್ಲ. ‘ತಿದ್ದು’ ಹಳೆಗನ್ನಡದ ‘ತಿರ್ದು’, ಮಕ್ಕಳು ಮರಳಲ್ಲಿ ಅಕ್ಷರ ತಿದ್ದುವ ತಿದ್ದು. ‘ತಿರುಚು’ ತಿರುಗು, ತಿರುಪು ಕಡೆಯದು. ಯಂತ್ರ ನೋಡಿ ಪದ ಆರಿಸಬೇಡಿ. ಏನು ಮಾಡಿದ್ದೀರಿ ಅಂತ ನೋಡಿ.

ಹೀಗೆ ಬರೆಸಿ: ‘ಬೂಷ್ಟಿನ ಕಲೆ ತೆಗೆದು ಕಂಪ್ಯೂಟರಿನಲ್ಲಿ ತಿದ್ದಿದ ಪ್ರಿಂಟ್‌ಗಳು’. ಹಳೆಯವುಗಳ ಕೆಳಗೆ ‘ಡಾರ್ಕ್‌ರೂಮಿನಲ್ಲಿ ತಿದ್ದಿದ ಪ್ರಿಂಟ್‌ಗಳು’. ಎರಡರಲ್ಲೂ ‘ತಿದ್ದಿದ’ ಇರಲೇಬೇಕು.

ಉತ್ತರ (ಶಿವಮೊಗ್ಗದಿಂದ)

‘ಮರೆ ಹಿಡಿ’ ಒಪ್ಪಿದೆ. ‘ಟಚಿಂಗ್’ ಕನ್ನಡ ಅಂದರೆ ಒಪ್ಪುವುದಿಲ್ಲ. ‘ಪ್ರಿಂಟ್’ಗೆ ‘ಅಚ್ಚು’ ಇರುವಾಗ ಅದೂ ಯಾಕೆ?

ಸಾಗರದಿಂದ

‘ಅಚ್ಚು’ ಅಂದರೆ ಇಲ್ಲಿ ಪ್ರೆಸ್ ನೆನಪಾಗುತ್ತೆ, ಅಲ್ವಾ? ‘ಪ್ರಿಂಟ್’ ಅಂತಲೇ ಬೋರ್ಡ್ ಬರೆಯುವವರಿಗೆ ಕಳಿಸಿದೆ.