ಸಮಸ್ಯಾಪೂರಣ: ಮುಳುಗಿದುದೆ ನಿಂತಿಹುದು

ಶಿವಮೊಗ್ಗದಿಂದ:
ಈ ವಾರದ ಸಮಸ್ಯೆ, ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು ಕೆಳಗಿದೆ, ಇದಕ್ಕೆ ಹೊಂದುವಂತೆ ಮೊದಲ ಐದು ಸಾಲು ನೀವು ಕಟ್ಟಬೇಕು:

ಮುಳುಗಿದುದೆ ನಿಂತಿಹುದು ತೇಲಿದುದೆಲ್ಲ ಹೋಯಿತಲಾ

ವಸ್ತು: ಊರೇ ಎದುರು ನಿಂತರೂ ಸತ್ಯ ಬಿಡದವನ ದೈವನಂಬಿಕೆ. ಗಣ, ಅಂದರೆ ಮಾತ್ರೆಗಳ ಗುಂಪು, ಹೀಗೆ: ಮುಳುಗಿ | ದುದೆ ನಿಂ | ತಿಹುದು | ತೇಲಿದು | ದೆಲ್ಲ | ಹೋಯಿತ | ಲಾ. ಒಟ್ಟು 23 ಮಾತ್ರೆ (ಗಿಡ್ಡವಾಗಿ ನುಡಿಯುವ ಅಕ್ಷರ ಲಘು, 1 ಮಾತ್ರೆ; ಹೆಚ್ಚು ಹೊತ್ತು ಹಿಡಿಯುವುದು ಗುರು, 2 ಮಾತ್ರೆ). ಮೂರನೆಯ ಸಾಲೂ ಇಷ್ಟೇ. ಉಳಿದ ನಾಲ್ಕಕ್ಕೆ 3-4-3-4, ತಲಾ 14. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಳ’, ಅದರ ಹಿಂದಿನದು ಲಘು. ‘ಕಳ್ಳ’, ‘ಜಳ್ಳು’ ಎಂದು ಸಾಲು ಎತ್ತಿದರೆ ಮೊದಲಕ್ಷರ ಗುರುವಾಗಿ ಪ್ರಾಸ ಕೆಡುತ್ತದೆ. ಹಳಗನ್ನಡದಲ್ಲಾದರೆ ‘ಮೞೆ’ಯ ೞ, ‘ಒಳಗೆ’ಯ ಳ ಬೇರೆ ಬೇರೆ, ಇಲ್ಲಿ ಎರಡನ್ನೂ ಒಂದೇ ಎಂದು ಹಿಡಿಯೋಣ.

ತೀರ್ಥಹಳ್ಳಿಯಿಂದ:

ಮಳೆಯ ತುಂಗೆಯ ಕೆಂಪು ನೀರಲಿ
ಸುಳಿಯ ಮೇಲಣ ದಿಮ್ಮಿ ಸಾಗಲು
ತಳದ ಬಂಡೆಯ ಕಚ್ಚಿ ನಿಂತಿಹ ಮಂಟಪವ ನೋಡೈ
ಅಳುಕದೀಶನ ನಚ್ಚಿ ನಡೆವನ
ಹಳಿವ ಮಾತಿನ ನೆರೆಯು ಮುಚ್ಚಲಿ
ಮುಳುಗಿದುದೆ ನಿಂತಿಹುದು ತೇಲಿದುದೆಲ್ಲ ಹೋಯಿತಲಾ

ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿರುವ ಮಂಟಪ ಇದು. ಅದು ಮುಳುಗಿತೆಂದರೆ ತುಂಗೆ ತುಂಬಿದಳೆಂದು ಶಿವಮೊಗ್ಗದವರ ಲೆಕ್ಕ.

ಶಿವಮೊಗ್ಗದಿಂದ:
ಅಕ್ಕಾ, ಗಂಟು ಸಲೀಸಾಗಿ ಬಿಚ್ಚಿತು. ತೇಲುವ ದಿಮ್ಮಿ, ಮುಳುಗಿಯೂ ಕದಲದ ಕಲ್ಲು, ಎರಡೂ ಮೂರನೆಯ ಸಾಲು ಮುಗಿಯುವುದರೊಳಗೇ ಬಂದವು. ಚಿತ್ರ ಮೊದಲು ಕಟ್ಟದೆ ದೇವರ ಹೆಸರನ್ನಷ್ಟೇ ಕೊನೆಗೆ ತಂದಿದ್ದರೆ ಅಂಟಿಸಿದ ಹಾಗಿರುತ್ತಿತ್ತು. ನೆರೆ ಇಳಿಯಲಿ ಎಂದು ಬೇಡದೆ ‘ಮುಚ್ಚಲಿ’ ಎಂದಿದ್ದೀರಲ್ಲ, ಪದ್ಯದ ಜೀವ ಅಲ್ಲಿದೆ.

ಸಾಗರದಿಂದ:

ಬೆಳೆವ ಕಸುವಿನ ಭತ್ತವೆಲ್ಲವು
ಉಳಿಯೆ ಉಪ್ಪಿನ ನೀರಿನಡಿಯಲಿ
ಗಳಿಗೆಯಲಿ ಮೇಲೆದ್ದ ಜಳ್ಳನು ಬಳಿದು ಚೆಲ್ಲಿದರೈ
ತಿಳಿಯೆ ಲೋಕದ ನಿಂದೆಯುಪ್ಪೈ
ಒಳಗೆ ತುಂಬಿರೆ ಸದಾ ದೇವನು
ಮುಳುಗಿದುದೆ ನಿಂತಿಹುದು ತೇಲಿದುದೆಲ್ಲ ಹೋಯಿತಲಾ

ಬಿತ್ತನೆ ಭತ್ತ ಆರಿಸುವ ಕ್ರಮ ಇದು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಬೇಕು. ಬರೀ ನೀರಿನಲ್ಲಿ ಅರೆಜಳ್ಳೂ ತಳ ಸೇರಿಬಿಡುತ್ತದೆ. ಮುಳುಗಿದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು, ಇಲ್ಲವಾದರೆ ಮೊಳಕೆಗೆ ಪೆಟ್ಟು.

ಶಿವಮೊಗ್ಗದಿಂದ:
ರಾಯರೇ, ನಿಂದೆಯನ್ನು ಉಪ್ಪು ಮಾಡಿದ್ದು ಬಹಳ ಚೆನ್ನ. ಉಪ್ಪಿಲ್ಲದೆ ಗಟ್ಟಿ ಯಾವುದು, ಜಳ್ಳು ಯಾವುದು ಗೊತ್ತಾಗುವುದೇ ಇಲ್ಲ. ತಿದ್ದಬೇಕಾದ್ದು ಎರಡು ಕಡೆ. ‘ಉಳಿಯೆ ಉಪ್ಪಿನ’ ವಿಸಂಧಿ, ಅಂದರೆ ಸಂಧಿಯಾಗದೆ ಎರಡು ಸ್ವರ ಒಟ್ಟಿಗೆ ನಿಂತಿವೆ, ಬಾಯಿಗೆ ತಡೆಯುತ್ತದೆ. ‘ಸದಾ’ ಲೆಕ್ಕಕ್ಕೆ 3 ಮಾತ್ರೆ ಹೌದು, ಆದರೆ ಮಾತ್ರಾಗಣ ಮೊದಲು ಲಘು, ಆಮೇಲೆ ಗುರು ಎಂದು ಶುರುವಾಗಬಾರದು. ಎಣಿಸಿದರೆ ಸರಿಯಿರುವುದು ಹಾಡಿದರೆ ಕುಂಟುತ್ತದೆ. ಗಮಕಿಗಳ ಹಾಗೆ ಒಮ್ಮೆ ರಾಗವಾಗಿ ಓದಿ ನೋಡಿ.

ಸಾಗರದಿಂದ:
ಓದಿದೆ, ಅಲ್ಲೇ ಎಡವುತ್ತದೆ. ತಿದ್ದಿದ ಸಾಲುಗಳು:

ಉಳಿಯಲುಪ್ಪಿನ ನೀರಿನಡಿಯಲಿ

ಒಳಗೆ ದೇವನ ನೆನಹು ತುಂಬಿರೆ

ತೀರ್ಥಹಳ್ಳಿಯಿಂದ:
‘ನೆನಹು’ ಬಂದ ಮೇಲೆ ಅರ್ಥವೂ ತೂಕವಾಯಿತು ಅಣ್ಣ. ಕಾಳು ಮುಳುಗುವುದು ಒಳಗಿನ ಅಕ್ಕಿಯ ಭಾರಕ್ಕೇ ತಾನೇ.