12,34,56,789ನ್ನು ಕೈಲೆಕ್ಕದಲ್ಲಿ ಒಡೆಯೋದು ಹೇಗೆ?

ಪ್ರಶ್ನೆ: ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಸಾಲಾಗಿ ಬರೆದು, 12,34,56,789ರ ಅವಿಭಾಜ್ಯ ಅಪವರ್ತನ ಹುಡುಕು ಅಂತ ಮಗಳು ಪಂಥ ಕಟ್ಟಿದ್ದಾಳೆ. ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. ಅಂಕಿಗಳ ಮೊತ್ತ 45, ಹಾಗಾಗಿ 9ರಿಂದ ಹೋಯಿತು, ಉಳಿದದ್ದು 1,37,17,421. ಆಮೇಲೆ 97ರ ತನಕ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿದೆ, ಒಂದೂ ಹೋಗಲಿಲ್ಲ. ಇದೇ ಅವಿಭಾಜ್ಯ ಅಂತ ಬಿಟ್ಟುಬಿಡಲಾ? ಮಾಡಿ ಪಳಗಿದವರು ಹೇಳಿ.

ಉತ್ತರ 1: ಬಿಡಬೇಡಿ ಸರ್. ವರ್ಗಮೂಲದ ತನಕ, ಅಂದರೆ 3,703ರವರೆಗೆ ನೋಡದೆ ಹಾಗೆ ಹೇಳೋಕಾಗಲ್ಲ. ಅಷ್ಟರೊಳಗೆ ಐನೂರಕ್ಕೂ ಮಿಕ್ಕಿ ಅವಿಭಾಜ್ಯಗಳಿವೆ, ನೀವು ನೋಡಿರೋದು 25. ಇನ್ನು ಮುಂದಕ್ಕೆ 7, 11, 13ನ್ನು ಬೇರೆ ಬೇರೆ ಭಾಗಿಸಬೇಡಿ. ಮೂರರ ಗುಣಲಬ್ಧ 1001. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ ಕಳೆದು ಕೂಡಿ: 421 − 717 + 13 = −283. 283 ಯಾವುದರಿಂದಲೂ ಹೋಗಲ್ಲ, ಮೂರೂ ಒಂದೇ ಏಟಿಗೆ ಮುಗೀತು.

ಉತ್ತರ 2: ನಾನಾಗಿದ್ದರೆ ಭಾಗಾಕಾರ ಅಲ್ಲಿಗೇ ನಿಲ್ಲಿಸಿ ಫ್ರೆಂಚ್ ಗಣಿತಜ್ಞ ಫರ್ಮಾನ ದಾರಿ ಹಿಡೀತೀನಿ. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯೋಕೆ ಆದರೆ ಅಪವರ್ತನ ತಾನೇ ಸಿಗುತ್ತೆ. ವರ್ಗಮೂಲದ ಆಚೆಗಿನ ಮೊದಲ ಸಂಖ್ಯೆ 3704. ಅದರ ವರ್ಗದಿಂದ ನಿಮ್ಮದನ್ನು ಕಳೆದರೆ 2195. ಇದು ವರ್ಗಸಂಖ್ಯೆ ಅಲ್ಲ, ಲೆಕ್ಕವೇ ಬೇಡ: 5ರಲ್ಲಿ ಮುಗಿಯುವ ವರ್ಗ 25ರಲ್ಲೇ ಮುಗಿಯಬೇಕು. ಮುಂದಿನದು 3705. ವರ್ಗ 1,37,27,025, ಕಳೆದರೆ 9604. ಅದು 98ರ ವರ್ಗ! 3705ಕ್ಕೆ 98 ಕಳೆಯಿರಿ, ಕೂಡಿಸಿ: 3607, 3803. ಎರಡೇ ಹೆಜ್ಜೆ. ನಾನು ಮೊದಲ ಸಲ ಮಾಡಿದಾಗ ನಂಬಿಕೆ ಬರದೆ ಇನ್ನೊಂದು ಸಲ ಗುಣಿಸಿ ನೋಡಿದ್ದೆ. ಫರ್ಮಾ 1643ರಲ್ಲಿ 2,02,76,51,281ನ್ನು 44021 × 46061 ಅಂತ ಒಡೆದದ್ದು ಇದೇ ದಾರೀಲಿ, ಹನ್ನೆರಡನೇ ಹೆಜ್ಜೆಗೆ. ಆದರೆ ಎರಡು ಅಪವರ್ತನ ಹತ್ತಿರ ಹತ್ತಿರ ಇದ್ದರೆ ಮಾತ್ರ ಈ ಸುಖ.

ಉತ್ತರ 3: ತಾಳೆ ನೋಡುವಾಗ ಹುಷಾರು. ಅಂಕಿಮೊತ್ತದ ತಾಳೆ ಸರಿಬಂತು ಅಂತ ನಾನೊಮ್ಮೆ ಮೋಸ ಹೋಗಿದ್ದೆ. 421 ಬರೆಯೋ ಕಡೆ 241 ಬರೆದಿದ್ದೆ, ಅಂಕಿಗಳು ಅವೇ, ಮೊತ್ತ ಬದಲಾಗೋದೇ ಇಲ್ಲ. ಈಗ 11ರ ಶೇಷವನ್ನೂ ನೋಡ್ತೀನಿ. ಪಕ್ಕಪಕ್ಕದ ಅಂಕಿ ಅದಲುಬದಲಾದರೆ ಅದು ಹಿಡಿದುಕೊಡುತ್ತೆ.

ಉತ್ತರ 4: ಒಡೆದ ಮೇಲೆ ಉಳಿದದ್ದೆಲ್ಲ ಸಲೀಸು. 3ರ ಘಾತ 2, ಮಿಕ್ಕವೆರಡರದ್ದು 1; ಹಾಗಾಗಿ ಭಾಜಕಗಳು 3 × 2 × 2 = 12. ಅವುಗಳ ಮೊತ್ತ 13 × 3608 × 3804 = 17,84,22,816. ಅದರಲ್ಲಿ ಮೂಲ ಸಂಖ್ಯೆ ಕಳೆದರೆ 5,49,66,027, ತನಗಿಂತ ಕಡಿಮೆ. ಅಂದರೆ ಪರಿಪೂರ್ಣ ಸಂಖ್ಯೆಯ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ ಇರೋ ಸಂಖ್ಯೆ) ಹತ್ತಿರಕ್ಕೂ ಬರಲ್ಲ. ಇನ್ನೊಂದು, ಈ ಒಂಬತ್ತು ಅಂಕಿಗಳನ್ನು ಹೇಗೆ ಕಲಸಿ ಬರೆದರೂ ಅವಿಭಾಜ್ಯ ಸಿಗಲ್ಲ, 9 ಬಿಡೋದೇ ಇಲ್ಲ.

ಪ್ರಶ್ನೆ ಕೇಳಿದವರು: 3607, 3803 ಎರಡನ್ನೂ 61ರ ತನಕ ಭಾಗಿಸಿ ನೋಡಿದೆ, ಅವಿಭಾಜ್ಯಗಳೇ. ಮಗಳಿಗೆ ತೋರಿಸಿದೆ. ಒಂದು ನಿಮಿಷ ಸುಮ್ಮನಿದ್ದು, ಹಾಗಾದ್ರೆ 98,76,54,321 ಮಾಡಪ್ಪಾ ಅಂದಳು. ಫರ್ಮಾ ದಾರೀಲಿ ಹೊರಟು ಇಪ್ಪತ್ತು ಹೆಜ್ಜೆಗೆ ಸುಸ್ತಾದೆ. ವಾಪಸ್ ಭಾಗಾಕಾರಕ್ಕೆ ಬಂದರೆ 17ರಿಂದ ಹೋಯಿತು, ಅದೂ ಎರಡು ಸಲ! ಈಗ 3,79,721 ಉಳಿದಿದೆ. 616ರ ತನಕ ನೋಡಬೇಕು, 200 ದಾಟಿದ್ದೀನಿ. ಉತ್ತರ ಗೊತ್ತಿದ್ದರೂ ಯಾರೂ ಹೇಳಬೇಡಿ.