ತುರ್ತು: ‘ಟೇಕ್‌ಅವೇ’ಗೆ ಬಟನ್ ಮೇಲೆ ಹಿಡಿಸುವಂಥ ಒಂದು ಪದ

ಓಲೆ 1

ಬಲ್ಲವರೇ,
ಊಟ-ತಿಂಡಿ ಆರ್ಡರ್ ಮಾಡುವ ಆಪ್ ಒಂದರ ಅನುವಾದ ಕೈಯಲ್ಲಿದೆ. ಇವತ್ತು ರಾತ್ರಿಯೊಳಗೆ ಫೈಲು ಹೋಗಬೇಕು. ‘ಟೇಕ್‌ಅವೇ’ ಅನ್ನುವ ಒಂದೇ ಪದ ಮೂರು ಕಡೆ ಬಂದು ಕೂತಿದೆ. ‘ಇಲ್ಲೇ ತಿನ್ನುವೆ’ ಬಟನ್ನಿನ ಪಕ್ಕದ ಬಟನ್ ಒಂದು. ಅಂಗಡಿಗಳ ಪಟ್ಟಿಯಲ್ಲಿ ಇನ್ನೊಂದು. ಅಲ್ಲಿ ಅದು ತಿನಿಸಲ್ಲ, ಕೂರಲು ಜಾಗವಿಲ್ಲದ ಅಂಗಡಿಗೇ ಆ ಹೆಸರು (ಬ್ರಿಟನ್ನಿನ ಬಳಕೆ). ಮೂರನೆಯದು ಸಿಬ್ಬಂದಿ ತರಬೇತಿ ಪುಟದ ಕೊನೆಗೆ, ಕಲಿತದ್ದರ ಸಾರ ಹೇಳುವ ಕಡೆ, ‘ಕೀ ಟೇಕ್‌ಅವೇಸ್’ ಎಂದು.

‘ಕೊಂಡೊಯ್ಯುವ ಆಹಾರ’ ಅಂತ ಹಾಕಿದ್ದೆ. ನೋಡಿದವರು ‘ಸುತ್ತೋಲೆ ಓದಿದ ಹಾಗಿದೆ, ಹಸಿವೇ ಹೋಯಿತು’ ಅಂದರು. ಬಟನ್ನಿನಲ್ಲಿ ಆರು ಅಕ್ಷರಕ್ಕಿಂತ ಹೆಚ್ಚು ಹಿಡಿಯದು. ಕೈ ಹಿಡಿಯಿರಿ.

ಓಲೆ 2

ಪಾರ್ಸೆಲ್. ಇದಕ್ಕೂ ಚರ್ಚೆ ಬೇಕೆ?

ಓಲೆ 3

> ಇದಕ್ಕೂ ಚರ್ಚೆ ಬೇಕೆ?

ಬೇಕು. ಒಂದು ಇಂಗ್ಲಿಷ್ ಪದ ಎಬ್ಬಿಸಿ ಇನ್ನೊಂದನ್ನು ಕೂರಿಸುವುದಕ್ಕೆ ಅನುವಾದ ಅನ್ನುವುದಿಲ್ಲ. ಅದೂ ಎಂಥ ಪದ! ಲ್ಯಾಟಿನ್ನಿನಲ್ಲಿ ‘ಪಾರ್ಟಿಕುಲ’, ಸಣ್ಣ ಚೂರು ಅಂತ. ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷಿನಲ್ಲಿ ಅಂಚೆಯ ಗಂಟಾಯಿತು. ಊಟಕ್ಕೂ ಅದಕ್ಕೂ ಏನು ಸಂಬಂಧ?

ಧಾತುವಿಗೇ ನಾಮಪದ ಕೂಡಿಸುವ ದಾರಿ ನಮ್ಮಲ್ಲಿ ಸಲೀಸಾಗಿದೆ: ಕಡೆಗೋಲು, ಬೀಸುಗಲ್ಲು, ಉಡುದಾರ, ಸುಡುಗಾಡು. ಅದೇ ಜಾಡಿನಲ್ಲಿ ‘ಒಯ್ಯೂಟ’. ಮೂರೇ ಅಕ್ಷರ. ಎರಡು ತುಂಡೂ ಅಚ್ಚಗನ್ನಡ, ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಎದ್ದು ಬಂದರೂ ಅರಿಸಮಾಸ (ಕನ್ನಡ-ಸಂಸ್ಕೃತ ಬೆರಕೆಯ ಜೋಡುಪದ) ಅನ್ನುವಂತಿಲ್ಲ. ಅಂಗಡಿಗೆ ‘ಒಯ್ಯೂಟದಂಗಡಿ’.

ಓಲೆ 4

> ಸುಡುಗಾಡು. ಅದೇ ಜಾಡಿನಲ್ಲಿ ‘ಒಯ್ಯೂಟ’

ಉದಾಹರಣೆ ಸರಿಯಾಗೇ ಕೊಟ್ಟಿರಿ, ಈ ಪದವನ್ನು ಅಲ್ಲಿಗೇ ಒಯ್ಯಬೇಕು. ಬರೀ ಒಂದು ಲೋಟ ಚಹಾ ಒಯ್ದರೆ ಅದೂ ಊಟವೇ, ಸ್ವಾಮಿ?

ಹೊಸದು ಹೊಸೆಯುವ ಮುಂಚೆ ಮನೆಯಲ್ಲಿ ಇರುವುದನ್ನು ನೋಡಿ: ಬುತ್ತಿ. ಕಟ್ಟಿಕೊಂಡು ಹೋಗುವ ಊಟಕ್ಕೆ ಹಿರಿಯರು ಇಟ್ಟ ಹೆಸರು. ಗಂಭೀರವಾಗಿ ಬೇಕೆಂದರೆ ‘ಪಾಥೇಯ’.

ಓಲೆ 5

‘ಪಾಥೇಯ’ ಹಾಕಿದರೆ ಊಟದ ಜೊತೆ ನಿಘಂಟನ್ನೂ ಕಟ್ಟಿಕೊಡಬೇಕಾಗುತ್ತದೆ, ಬಿಡಿ.

ಬುತ್ತಿಯ ಬಗ್ಗೆ ನನ್ನ ತಕರಾರು ಅದರ ಮೂಲದ್ದಲ್ಲ (ಭುಕ್ತಿಯ ತದ್ಭವ, ಇರಲಿ). ದಿಕ್ಕಿನದು. ಬುತ್ತಿ ಮನೆಯಿಂದ ಹೊರಡುತ್ತದೆ. ಕಟ್ಟಿದವರು ಮನೆಯವರು, ಮುಂದೆ ದಾರಿ ಇರುತ್ತದೆ. ದುಡ್ಡು ಕೊಟ್ಟು ಅಂಗಡಿಯಿಂದ ಮನೆಗೆ ತಂದದ್ದನ್ನು ಯಾರಾದರೂ ಬುತ್ತಿ ಅಂದದ್ದು ಕೇಳಿದ್ದೀರಾ?

ಆಡುಮಾತಿನಲ್ಲಿ ನಿಜವಾಗಿ ಇರುವುದು ‘ಕಟ್ಟಿಸಿಕೊಂಡು ಹೋಗು’. ಚೆಂದದ ಮಾತು, ಆದರೆ ಬಟನ್ನಿಗೆ ಉದ್ದ. ಕತ್ತರಿಸಿ ‘ಕಟ್ಟಿ ಒಯ್ಯಿರಿ’ ಅಂದಿರೋ, ಕೆಟ್ಟಿರಿ: ಹಣದ ವ್ಯವಹಾರ ನಡೆಯುವ ಪರದೆಯ ಮೇಲೆ ‘ಕಟ್ಟಿ’ ಅಂದರೆ ಜನ ದುಡ್ಡು ಕಟ್ಟಿ ಅಂತಲೇ ಓದುತ್ತಾರೆ. ‘ಕಟ್ಟಿಕೊಡಿ’ಗೆ ಇನ್ನೊಂದು ತೊಡಕು. ಅದು ಗಿರಾಕಿ ಅಂಗಡಿಯವರಿಗೆ ಹೇಳುವುದು. ಉಳಿದ ಬಟನ್ನುಗಳ ‘ಒತ್ತಿ’, ‘ಆರಿಸಿ’ ಎಲ್ಲ ಆಪ್ ಗಿರಾಕಿಗೆ ಹೇಳುವುದು. ಒಂದೇ ಪರದೆಯಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ತಿಳಿಯದೆ ಹೋಗುತ್ತದೆ. ‘ಕೊಂಡೊಯ್ಯು’ವಿನಲ್ಲಿ ಒಂದು ಸೊಗಸಿದೆ, ‘ಕೊಂಡು’ ಅಂದರೆ ಖರೀದಿಸಿ ಅಂತಲೂ ಹಿಡಿದುಕೊಂಡು ಅಂತಲೂ ಆಗುತ್ತದೆ. ಆದರೆ ಅದನ್ನು ಹಸಿದವರು ಆಡುವುದಿಲ್ಲ, ವರದಿಗಾರರು ಬರೆಯುತ್ತಾರೆ.

ಉಳಿಯಿತು ಪಾರ್ಸೆಲ್. ಬ್ರಿಟನ್ನಿನ ಅಂಗಡಿಯಲ್ಲಿ ‘ಪಾರ್ಸೆಲ್’ ಕೇಳಿದರೆ ಅಂಚೆ ಕಚೇರಿಯ ದಾರಿ ತೋರಿಸಿಯಾರು. ಅವರದು ಟೇಕ್‌ಅವೇ. ಅಮೆರಿಕದವರದು ಟೇಕ್‌ಔಟ್, ಇಲ್ಲವೇ ‘ಟು ಗೋ’. ಸ್ಕಾಟ್ಲೆಂಡಿನಲ್ಲಿ ಕ್ಯಾರಿ-ಔಟ್, ಅದು ಕೊಂಡು ಹೋಗುವ ಮದ್ಯಕ್ಕೂ ಸಲ್ಲುತ್ತದೆ. ಇಂಗ್ಲಿಷಿನವರಿಗೇ ಒಮ್ಮತವಿಲ್ಲ. ಊಟದ ಅರ್ಥವನ್ನು ಪಾರ್ಸೆಲ್ಲಿಗೆ ತುಂಬಿದ್ದು ನಮ್ಮ ಕಡೆಯ ನಾಲಗೆಗಳು. ಸದ್ದು ಅವರದು, ಅರ್ಥ ನಮ್ಮದು. ಮೇಜು, ಸಾಬೂನು ಹೊರಗಿನವು, ಕುರ್ಚಿ ಅರಬ್ಬಿ. ಇನ್ನೆಷ್ಟು ತಲೆಮಾರು ಬಾಡಿಗೆದಾರರು ಅನ್ನುತ್ತೀರಿ? ಅಂದ ಹಾಗೆ ಓಲೆ 3ರ ‘ಸಲೀಸು’ ಕೂಡ ಅರಬ್ಬಿ.

ಮೂರನೆಯದಕ್ಕೆ, ಅಂದರೆ ತರಬೇತಿ ಪುಟದ್ದಕ್ಕೆ, ಎಲ್ಲರೂ ‘ಮುಖ್ಯಾಂಶ’ ಹಾಕುತ್ತಾರೆ. ಮುಖ್ಯ ಯಾವುದು ಅನ್ನುವುದು ಹೇಳಿದವರ ಲೆಕ್ಕ. ಟೇಕ್‌ಅವೇ ಅಂದರೆ ಕೇಳಿದವರು ಹೊತ್ತುಕೊಂಡು ಹೋದದ್ದು. ಬುತ್ತಿ ಬೇಕಾಗಿರುವುದು ಇಲ್ಲಿ. ‘ನೆನಪಿನ ಬುತ್ತಿ’ ಅಂತ ಆಗಲೇ ಅನ್ನುತ್ತೇವೆ. ‘ಕಲಿಕೆಯ ಬುತ್ತಿ’ ಹಾಕಿ ನೋಡಿ. ಕಟ್ಟಿಕೊಟ್ಟವರೂ ಇದ್ದಾರೆ, ಮುಂದೆ ದಾರಿಯೂ ಇದೆ.

(ಮಕ್ಕಳ ಲೆಕ್ಕದ ‘ಟೇಕ್ ಅವೇ’ಗೆ ‘ಕಳೆ’ ಇದೆ. ಗಾಲ್ಫಿನಲ್ಲಿ ಕೋಲನ್ನು ಹಿಂದಕ್ಕೆ ಎಳೆಯುವ ಮೊದಲ ಚಲನೆಯೂ ಟೇಕ್‌ಅವೇಯೇ. ನಿಮ್ಮ ಫೈಲಿನಲ್ಲಿ ಅದು ಬಂದಿಲ್ಲವಲ್ಲ, ಪುಣ್ಯ.)

ಓಲೆ 6 (ಓಲೆ 3ರವರಿಂದ)

> ‘ಸಲೀಸು’ ಕೂಡ ಅರಬ್ಬಿ

ಅವಸರದಲ್ಲಿ ನುಸುಳಿದ್ದು. ‘ಸುಲಭ’ ಎಂದು ತಿದ್ದಿಕೊಳ್ಳಿ.

ಮೇಜಿನ ವಾದ ಇಲ್ಲಿ ನಡೆಯದು. ಮೇಜಿನ ಜೊತೆ ವಸ್ತುವೂ ಬಂತು, ಹೆಸರೂ ಬಂತು. ಅನ್ನ ಕಟ್ಟಿಕೊಂಡು ಹೋಗುವುದನ್ನು ನಮಗೆ ಹೊರಗಿನವರು ಕಲಿಸಿದರೇ? ಕೆಲಸ ನಮ್ಮದು, ಕಟ್ಟುವ ಕೈ ನಮ್ಮದು, ಹೆಸರು ಮಾತ್ರ ಅಂಚೆಯಲ್ಲಿ ಬರಬೇಕು. ಬಳಕೆಯೊಂದೇ ಅಳತೆಗೋಲಾದರೆ ಇನ್ನು ಹತ್ತು ವರ್ಷಕ್ಕೆ ಟೇಕ್‌ಅವೇಯೂ ಕನ್ನಡ. ಆಗ ಈ ಬಳಗದಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ.

ಓಲೆ 7

‘ಸುಲಭ’ ಸಂಸ್ಕೃತ.

ಓಲೆ 8 (ಕೇಳಿದವರಿಂದ)

ಫೈಲು ಹೋಯಿತು. ಬಟನ್ನಿಗೆ ‘ಪಾರ್ಸೆಲ್’, ಅಂಗಡಿಗೆ ‘ಪಾರ್ಸೆಲ್ ಮಾತ್ರ’, ತರಬೇತಿಗೆ ‘ಕಲಿಕೆಯ ಬುತ್ತಿ’. ಓಲೆ 6ರ ಮಾತು ಮನಸ್ಸಿಗೆ ತಾಕಿತು, ಸುಳ್ಳು ಹೇಳುವುದಿಲ್ಲ. ‘ಒಯ್ಯೂಟ’ವನ್ನು ಬಟನ್ನಿಗೆ ಹಾಕಿ ಒಬ್ಬರಿಗೆ ತೋರಿಸಿದೆ. ‘ಒಯ್ಯಾರಕ್ಕೆ ಸಂಬಂಧಪಟ್ಟದ್ದೇ?’ ಅಂದರು. ಎಲ್ಲರಿಗೂ ನನ್ನಿ.

ಓಲೆ 9 (ಓಲೆ 3ರವರಿಂದ)

ಒಯ್ಯಾರಕ್ಕೂ ಒಯ್ಯುವುದಕ್ಕೂ ನಂಟಿಲ್ಲ. ಬೇಕಾದವರು ಅದಕ್ಕೆ ಬೇರೆ ಓಲೆ ಹಾಕಿ.